ಮೇಲೆ ಬಂದ ತೊಟ್ಟಿ

"ಈ ಸಲದ ಮಳೆಗಾಲದಲ್ಲಿ ನಮ್ಮ ಜಾಗದ ಮೇಲೆ ಬಿದ್ದ ಒಂದೇ ಒಂದು ಹನಿ ನಮ್ಮ ಬೇಲಿ ದಾಟಬಾರದು. ಇದು ನನ್ನ ಶಪಥ" ಎಂದು ಲೀಟರ್ ಸಾಹೇಬರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿದರು. ಕುಟ್ಟಿದ ರಭಸಕ್ಕೆ ಕಾಲು ಲೋಟ ಕಾಫಿ ತುಳುಕಿ, ಮೇಜಿನ ಅಂಚು ದಾಟಿ, ನೆಲ ಸೇರಿತು.

"ಮೊದಲು ಲೋಟದಲ್ಲಿರೋದನ್ನ ನಿಲ್ಲಿಸಿ" ಎಂದು ಹೆಂಡತಿ ಒರೆಸುವ ಬಟ್ಟೆಯನ್ನು ಅವರ ಕೈಗೇ ಕೊಟ್ಟಳು.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಜಲ ಉಳಿತಾಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಉಪ ಅಧಿಕಾರಿಯಾಗಿರುವ ಈ ಮಹಾನುಭಾವರನ್ನು ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. "ನೀವು ತಿಂತಿರೋದು ಟೊಮೇಟೊ ಅಲ್ಲ, ಹದಿಮೂರು ಲೀಟರ್ ನೀರು" ಎಂದು ನೆಂಟರ ಮನೆಯ ಊಟದಲ್ಲೂ ಹೇಳಿ, ಎದುರು ಕೂತವರ ಗಂಟಲಲ್ಲಿ ಆ ಹದಿಮೂರು ಲೀಟರೂ ಸಿಕ್ಕಿಕೊಳ್ಳುವಂತೆ ಮಾಡಿದವರು ಅವರು. ರೈತರ ಸಭೆಗೆ ಹೋದರಂತೂ ಹಿಡಿಯುವವರೇ ಇಲ್ಲ. "ಇರೋ ನೀರನ್ನೆಲ್ಲ ಕುಡಿಯೋದು ಯಾರು? ನಿಮ್ಮ ಹೊಲ. ಮೇಲಿಂದ ಪುಕ್ಕಟೆ ಬೀಳೋದನ್ನ ಹಿಡಿದಿಡೋಕೆ ನಿಮಗೇನು ಕಷ್ಟ?" ಎಂದು ಬೆವರಿಳಿಸುವರು. ರೈತರು ತಲೆಯಾಡಿಸಿ, ಚಹಾ ಕುಡಿದು, ಹೊಲಕ್ಕೆ ಹೋಗುವರು. ಹೀಗೆ ಎರಡು ದಶಕ ಕೆರೆಯ ಬಗ್ಗೆ ಮಾತಾಡಿದ ಸಾಹೇಬರು ಸ್ವತಃ ಕೆರೆದದ್ದು ತಮ್ಮ ತಲೆಯನ್ನು ಮಾತ್ರ.

ಮನೆಯಲ್ಲಿ ನಿಜವಾದ ರೈತಳೆಂದರೆ ಹೆಂಡತಿ. ಊರಂಚಿನ ಆ ಮನೆಯ ಹಿಂದೆ ಒಂದು ತುಂಡು ಹೊಲವಿತ್ತು. ಅದರಲ್ಲಿ ಹತ್ತು ಸಾಲು ಟೊಮೇಟೊ, ಆರು ಸಾಲು ಮೆಣಸಿನಕಾಯಿ. ಬೆಳೆದದ್ದು ಪೇಟೆಗೆ ಹೋಗುತ್ತಿತ್ತು. ಎಲ್ಲ ಸರಿಯಿದ್ದರೂ ಬಾವಿಗೆ ಒಂದು ಕೆಟ್ಟ ಚಾಳಿ. ಪ್ರತಿ ಬೇಸಿಗೆಯಲ್ಲೂ ಹಣ್ಣು ಕೆಂಪಾಗಲು ಇನ್ನು ಮೂರು ವಾರ ಇದೆ ಅನ್ನುವಾಗ ಸರಿಯಾಗಿ ಕೈಕೊಡುತ್ತಿತ್ತು. ಬೀಜ ಬಿತ್ತಿದ ದಿನದಿಂದ ಕೈಯಾರೆ ಸಾಕಿದ ಗಿಡಗಳು ಕಣ್ಣೆದುರೇ ಕತ್ತು ಬಾಗಿಸುವುದನ್ನು ನೋಡಿ ಅವಳಿಗೆ ಪ್ರತಿ ವರ್ಷವೂ ಹೊಟ್ಟೆ ಉರಿಯುತ್ತಿತ್ತು. ಅವಳು ಕೇಳಿದ್ದು ಹೆಚ್ಚೇನೂ ಅಲ್ಲ.

"ಗೋಡೆ ಪಕ್ಕದ ತಗ್ಗಲ್ಲಿ ಒಂದು ಹೊಂಡ ತೋಡಿಸಿ. ಅಲ್ಲಿ ಜೇಡಿಮಣ್ಣು. ಮಳೆ ನಿಂತು ವಾರ ಆದ್ರೂ ನೀರು ಇಂಗಲ್ಲ. ನನಗೆ ಮೂರು ವಾರದ ನೀರು ಸಿಕ್ಕಿದ್ರೆ ಸಾಕು."

"ವಾರದಲ್ಲಿ ಯಾರಾದರೂ ನೀರು ಅಳೀತಾರಾ?" ಸಾಹೇಬರು ನಕ್ಕರು. "ಹೊಂಡ ಅಂದ್ರೆ ಏನು? ಗುಂಡಿ. ಬಿಸಿಲಿಗೆ ಆರುತ್ತೆ, ಪಾಚಿ ಕಟ್ಟುತ್ತೆ, ಸೊಳ್ಳೆ ಸಾಕುತ್ತೆ. ನಾನು ಹಾಕಿಸ್ತಿರೋದು ನೆಲದೊಳಗಿನ ತೊಟ್ಟಿ. ಹತ್ತು ಸಾವಿರ ಲೀಟರ್. ನಮ್ಮ ಕಚೇರಿ ನಿರ್ದೇಶಕರೇ ಬಂದು ಉದ್ಘಾಟನೆ ಮಾಡ್ತಾರೆ."

ಉದ್ಘಾಟನೆಯ ಗುಟ್ಟು ಇಷ್ಟೇ. ಇಪ್ಪತ್ತೆರಡು ವರ್ಷ ಹೆಸರಿನ ಹಿಂದೆ ಅಂಟಿಕೊಂಡಿದ್ದ 'ಉಪ' ಉದುರಿಹೋಗುವ ಕಾಲ ಬಂದಿತ್ತು. ಸ್ವಂತ ಮನೆಯಲ್ಲೇ ಮಾದರಿ ಯೋಜನೆ ತೋರಿಸಿ ಒಂದೇ ಏಟಿಗೆ ಮೇಲೆ ಬಂದುಬಿಡಬೇಕೆಂದು ಸಾಹೇಬರು ನಿರ್ಧರಿಸಿದ್ದರು. ಮೇಲೆ ಬರುವ ಸರದಿ ಯಾರದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಅಗೆಯುವ ಯಂತ್ರ ಬಂತು. ಅದರ ಚಾಲಕ ಗೋಡೆ ಪಕ್ಕದ ಅದೇ ತಗ್ಗಿನಲ್ಲಿ ಅರ್ಧ ದಿನದಲ್ಲಿ ಎರಡು ತೊಟ್ಟಿ ಹಿಡಿಸುವಂಥ ಗುಂಡಿ ತೋಡಿ, ಕಪ್ಪು ಪ್ಲಾಸ್ಟಿಕ್ಕಿನ ದೈತ್ಯ ತೊಟ್ಟಿಯನ್ನು ಅದರೊಳಗಿಳಿಸಿ, ಸುತ್ತ ಸಡಿಲ ಮಣ್ಣು ತುಂಬಿದ. ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಅಗಲವಾದ ಹಲಗೆಗಳು. ಚಾವಣಿಯಿಂದ ಬರುವ ಕೊಳವೆಯ ಬಾಯಿಗೆ ಸಾಹೇಬರು ತಾವೇ ಬಿರಡೆ ಜಡಿದು, ಅದರ ಮೇಲೆ ಕೆಂಪು ರಿಬ್ಬನ್ ಕಟ್ಟಿದರು.

"ಸಾಹೇಬ್ರೇ, ಇದು ಜೇಡಿ ನೆಲ" ಅಂದ ಚಾಲಕ. "ಖಾಲಿ ಬಿಡಬೇಡಿ. ಬಾವಿ ನೀರು ಅರ್ಧ ಆದ್ರೂ ತುಂಬ್ಸಿ. ಇಲ್ದಿದ್ರೆ ಮಳೆ ಬಂದಾಗ ಎದ್ದು ಬರುತ್ತೆ."

"ಎದ್ದು ಬರೋಕೆ ಅದೇನು ಕೊಟ್ಟಿಗೆಯಲ್ಲಿ ಮಲಗಿರೋ ಎಮ್ಮೆಯಾ? ಮಳೆ ನೀರಿನ ತೊಟ್ಟಿಗೆ ಬಾವಿ ನೀರು ತುಂಬಿಸಿದ್ರೆ ನಿರ್ದೇಶಕರ ಮುಂದೆ ಯಾವ ಮುಖ ತೋರಿಸಲಿ? ಮೊದಲನೇ ಹನಿ ಶುಕ್ರವಾರ, ಅವರು ರಿಬ್ಬನ್ ಕತ್ತರಿಸಿದ ಮೇಲೇ ಒಳಗೆ ಹೋಗಬೇಕು."

"ಶುಕ್ರವಾರದ ತನಕ ಕಾಯೋಕೆ ಮಳೆಗೆ ಹೇಳಿದೀರಾ?" ಎಂದು ಹೆಂಡತಿ ಕೇಳಿದಳು. ಸಾಹೇಬರು ಕೇಳಿಸದವರಂತೆ ರಿಬ್ಬನ್ನಿನ ಗಂಟು ಸರಿಮಾಡಿದರು.

ಮಳೆಗೆ ಯಾರೂ ಹೇಳಿರಲಿಲ್ಲ. ಬುಧವಾರ ಬೆಳಗ್ಗೆ ಹಿಡಿದದ್ದು ಗುರುವಾರ ಬೆಳಗ್ಗೆ ಬಿಟ್ಟಿತು. ಚಾವಣಿಯ ನೀರು ಬಿರಡೆಯ ತನಕ ಓಡಿಬಂದು, ರಿಬ್ಬನ್ ನೋಡಿ, ಪಕ್ಕದ ಸಡಿಲ ಮಣ್ಣಿಗೆ ಇಳಿಯಿತು. ಹೊಲದ ನೀರೂ ಅಲ್ಲಿಗೇ ಬಂತು. ತೊಟ್ಟಿಯ ಹೊರಗೆ ಎಲ್ಲೆಲ್ಲೂ ನೀರು, ಒಳಗೆ ಒಂದು ಹನಿಯೂ ಇಲ್ಲ. ಉದ್ಘಾಟನೆಯ ಪಾವಿತ್ರ್ಯಕ್ಕೆ ಕಿಂಚಿತ್ತೂ ಧಕ್ಕೆಯಾಗಿರಲಿಲ್ಲ.

ಬಿಸಿಲು ಬಿದ್ದೊಡನೆ ಸಾಹೇಬರ ತಾಯಿ ಕುರ್ಚಿ ಹಿಡಿದು ಹೊರಗೆ ಬಂದರು. ಇಡೀ ಹಿತ್ತಲಿನಲ್ಲಿ ಕೆಸರಿಲ್ಲದ ಜಾಗವೆಂದರೆ ತೊಟ್ಟಿಯ ಮೇಲಿನ ಹಲಗೆ. ಅಲ್ಲಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು, ಬಟಾಣಿ ಸುಲಿಯುತ್ತಾ ಕೂತರು. ಮಗ ಒಳಗೆ ಕಿಟಕಿಗೆ ಬೆನ್ನು ಹಾಕಿ ಸ್ವಾಗತ ಭಾಷಣ ಉರುಹೊಡೆಯುತ್ತಿದ್ದ.

"ಏನೋ, ಪಕ್ಕದ ಮನೆ ಹಿತ್ತಲು ಕಾಣ್ತಾ ಇದೆಯಲ್ಲೋ" ಎಂದು ತಾಯಿ ಕೂಗಿದರು.

"ಹೊಸ ಕನ್ನಡಕ, ಅಮ್ಮ."

ಸ್ವಲ್ಪ ಹೊತ್ತಾಯಿತು. "ಅವರು ನೀಲಿ ಬಕೆಟ್ ತಗೊಂಡಿದಾರೆ."

"ಕಣ್ಣಿನ ಡಾಕ್ಟರು ಒಳ್ಳೆಯವರು ಅಂತ ಅರ್ಥ."

ಮತ್ತೆ ಸ್ವಲ್ಪ ಹೊತ್ತು. "ಈಗ ಅವರ ಅಡುಗೆಮನೆಯೂ ಕಾಣ್ತಿದೆ. ಹಾಲು ಉಕ್ಕಿಸಿದಾಳೆ, ಒರೆಸಿಲ್ಲ. ನನ್ನ ನೋಡಿ ಕೈ ಬೀಸ್ತಿದಾಳೆ."

"ನೀನೂ ಬೀಸಮ್ಮ. ನನಗೆ ಭಾಷಣ ಮರೆತುಹೋಗ್ತಿದೆ."

ಎರಡು ಹಿತ್ತಲ ನಡುವಿನ ಆ ಗೋಡೆ ಆಳೆತ್ತರದ್ದು. ಹದಿನೆಂಟು ವರ್ಷದಿಂದ ತಾಯಿ ಅದರಾಚೆಯ ಜಗತ್ತನ್ನು ಸದ್ದಿನಿಂದಲೇ ಊಹಿಸಿಕೊಂಡು ಬಂದವರು. ಕೂತಲ್ಲಿಂದಲೇ ಅದನ್ನು ಕಾಣುವುದು ಯಾವ ಕನ್ನಡಕದಿಂದಲೂ ಸಾಧ್ಯವಿಲ್ಲ ಎಂಬುದು ಸಾಲುಗಳ ನಡುವೆ ಕಳೆ ಕೀಳುತ್ತಿದ್ದ ಸೊಸೆಗೆ ಹೊಳೆಯಿತು. ತಲೆಯೆತ್ತಿ ನೋಡಿದಳು. ಅತ್ತೆ, ಕುರ್ಚಿ, ಬಟಾಣಿ ಬುಟ್ಟಿ ಸಮೇತ ಕಪ್ಪು ತೊಟ್ಟಿಯೊಂದು ನೆಲದಿಂದ ಸೊಂಟದೆತ್ತರ ಎದ್ದು ನಿಂತಿತ್ತು.

"ಅತ್ತೆ, ಅಲ್ಲಾಡಬೇಡಿ" ಅಂದಳು, ಆದಷ್ಟು ಮೆತ್ತಗೆ. ನಂತರ ಮನೆಯ ಕಡೆ ತಿರುಗಿ, "ರೀ, ಭಾಷಣ ಸಾಕು. ನಿಮ್ಮ ತೊಟ್ಟಿ ನಿಮ್ಮಮ್ಮನ್ನ ಎತ್ಕೊಂಡು ಹೋಗ್ತಿದೆ."

ಸಾಹೇಬರು ಓಡಿಬಂದರು. ಖಾಲಿ ಪಾತ್ರೆಯನ್ನು ನೀರು ಎಷ್ಟು ಬಲದಿಂದ ಮೇಲೆ ತಳ್ಳುತ್ತದೆ ಎಂಬ ವಿಷಯದ ಮೇಲೆ ಅವರು ಹಿಂದೊಮ್ಮೆ ಒಂದೂವರೆ ಗಂಟೆ ಮಾತಾಡಿದ್ದರು. ಅದು ಈಗ ನೆನಪಾಯಿತು. ತಾಯಿಯನ್ನು ಕುರ್ಚಿಯಿಂದೆತ್ತಿ ಹೆಗಲ ಮೇಲೆ ಹಾಕಿಕೊಂಡರು. "ನಿಧಾನ, ಬಟಾಣಿ ಚೆಲ್ಲುತ್ತೆ" ಎಂದು ತಾಯಿ ಗದರಿಸಿದರು. ಮೂವರೂ ನಾಲ್ಕು ಹೆಜ್ಜೆ ದೂರ ಹೋಗಿದ್ದರೋ ಇಲ್ಲವೋ, ನೆಲ ಬುಳಕ್ಕೆಂದು ತೇಗಿತು. ತೊಟ್ಟಿ ಪೂರ್ತಿ ಮೇಲೆ ಬಂತು, ಕೊಳವೆ ಮುರಿಯಿತು, ರಿಬ್ಬನ್ ಹರಿಯಿತು. ದೈತ್ಯ ಮೈ ಹೊರಳಿಸಿ, ಎರಡು ಸಾಲು ಮೆಣಸಿನ ಗಿಡಗಳ ಮೇಲೆ ಉರುಳಿ, ಗೋಡೆಗೆ ಒರಗಿ ಸುಧಾರಿಸಿಕೊಂಡಿತು.

ಹೆಂಡತಿ ಜಜ್ಜಿಹೋದ ಒಂದು ಗಿಡವನ್ನು ಕೈಗೆತ್ತಿಕೊಂಡಳು. ಅದರಲ್ಲಿ ಹೂವಿತ್ತು.

"ನನಗೆ ಅಳು ಬರ್ತಿದೆ" ಅಂದಳು. "ನಗೂನೂ ಬರ್ತಿದೆ. ನೀವು ಸ್ವಲ್ಪ ಹೊತ್ತು ಒಳಗೆ ಹೋಗಿ. ಯಾವುದಾದ್ರೂ ಒಂದು ಮುಗಿಸ್ತೀನಿ."

ಸಾಹೇಬರಿಗೆ ನಿಜಕ್ಕೂ ನಾಚಿಕೆಯಾಯಿತು. ಒಳಗೆ ಹೋಗಿ ಭಾಷಣದ ಹಾಳೆಗಳನ್ನು ಮಡಚಿಟ್ಟರು. ಮಧ್ಯಾಹ್ನ ಇನ್ನೊಂದು ಮಳೆ ಬಂತು. ಮುರಿದ ಕೊಳವೆಯಿಂದ ಚಾವಣಿಯ ನೀರು, ತಗ್ಗಿಗೆ ಹರಿದುಬಂದ ಹೊಲದ ನೀರು, ಎರಡೂ ಸೇರಿ ತೊಟ್ಟಿ ಬಿಟ್ಟುಹೋದ ಗುಂಡಿಯೊಳಗೆ ಧಾರಾಳವಾಗಿ ಸುರಿದವು. ಸಂಜೆಗೆ ಗುಂಡಿ ಅಂಚಿನ ತನಕ ತುಂಬಿ, ಎಲ್ಲಿಂದಲೋ ಎರಡು ಕಪ್ಪೆಗಳು ಬಂದು ತಾವೇ ಉದ್ಘಾಟನೆ ಮುಗಿಸಿದವು.

ಶುಕ್ರವಾರ ನಿರ್ದೇಶಕರು ಬಂದರು. ಸಾಹೇಬರ ಮುಖದಲ್ಲಿ ನೀರಿಳಿಯುತ್ತಿತ್ತು. ನಿರ್ದೇಶಕರು ಹೊಂಡದ ಸುತ್ತ ಒಂದು ಸುತ್ತು ಬಂದು, "ಇದೇನಾ ಮಾದರಿ?" ಎಂದು ಕೇಳಿದರು.

"ಹೌದು, ಇದೇ" ಎಂದಳು ಹೆಂಡತಿ.

"ಎಷ್ಟು ಹಿಡಿಯುತ್ತೆ?"

ಸಾಹೇಬರು ಬಾಯಿ ತೆರೆದರು. ಲೀಟರ್ ಬರಲಿಲ್ಲ.

"ಮೂರು ವಾರ" ಎಂದಳು ಹೆಂಡತಿ.

"ಮತ್ತೆ ಆ ತೊಟ್ಟಿ?"

"ಅದು ಹೊಂಡದ ಅಚ್ಚು. ಮೊದಲು ಅದನ್ನ ಹೂಳಬೇಕು. ಆಮೇಲೆ ತೆಗೀಬೇಕು. ಹೊಂಡ ರೆಡಿ. ಇವರದೇ ಐಡಿಯಾ."

ಅವಳು ಚುಚ್ಚಲೆಂದು ಹೇಳಿದ್ದು. ನಿರ್ದೇಶಕರು ಪುಸ್ತಕ ತೆಗೆದು ಬರೆದುಕೊಂಡರು. "ತೆಗೆಯೋಕೆ ಯಂತ್ರ ಬೇಕಲ್ಲ?"

"ಯಂತ್ರ ಯಾಕೆ? ತಾನಾಗೇ ಬಂತು" ಎಂದರು ತಾಯಿ ಹೆಮ್ಮೆಯಿಂದ. "ನಾನೇ ಮೇಲೆ ಕೂತಿದ್ದೆ."

"ಅದ್ಭುತ" ಎಂದು ನಿರ್ದೇಶಕರು ಅದನ್ನೂ ಬರೆದುಕೊಂಡರು. ನಿಜ ಹೇಳಲು ಸಾಹೇಬರಿಗೆ ಒಂದು ಕ್ಷಣ ಸಿಕ್ಕಿತ್ತು. ಆ ಕ್ಷಣದಲ್ಲಿ ಅವರ ಕಣ್ಣ ಮುಂದೆ 'ಉಪ' ಎಂಬ ಎರಡಕ್ಷರ ಉದುರಿಬೀಳುತ್ತಿರುವಂತೆ ಕಂಡಿತು. ಬಾಯಿಗೆ ಬಿರಡೆ ಜಡಿದುಕೊಂಡು ನಿಂತರು.

ತಿಂಗಳೊಳಗೆ ಸುತ್ತೋಲೆ ಹೊರಟಿತು. ಅಂಶ ಒಂದು: ಪ್ರತಿಯೊಬ್ಬ ರೈತನೂ ನಿಗದಿತ ಗಾತ್ರದ ತೊಟ್ಟಿಯನ್ನು ಜಮೀನಿನಲ್ಲಿ ಹೂಳತಕ್ಕದ್ದು. ಅಂಶ ಎರಡು: ತೊಟ್ಟಿಯ ಬಾಯನ್ನು ಭದ್ರವಾಗಿ ಮುಚ್ಚತಕ್ಕದ್ದು. ಅಂಶ ಮೂರು: ಮಳೆಯ ನಂತರ ಸದರಿ ತೊಟ್ಟಿಯು ತಾನಾಗಿಯೇ ಮೇಲೆ ಬರತಕ್ಕದ್ದು. ಕೆಳಗೆ ಸಹಿ ಲೀಟರ್ ಸಾಹೇಬರದು, 'ಉಪ' ಇಲ್ಲದೆ.

ಬೇಸಿಗೆ ಬಂತು. ಬಾವಿ ಎಂದಿನಂತೆ ಕೈಕೊಟ್ಟಿತು. ಹೊಂಡ ಕೈಕೊಡಲಿಲ್ಲ. ಹೆಂಡತಿ ಅದರಿಂದ ದಿನವೂ ನೀರೆತ್ತಿ ಸಾಲುಗಳಿಗೆ ಬಿಟ್ಟಳು. ಮೂರನೆಯ ವಾರದ ಕೊನೆಗೆ, ತಳದಲ್ಲಿ ಮೊಣಕಾಲುದ್ದ ನೀರು ಇನ್ನೂ ಇರುವಾಗಲೇ, ಟೊಮೇಟೊ ಕೆಂಪಾಯಿತು. ಬುಟ್ಟಿಗಳು ಸಾಲಾಗಿ ನಿಂತವು. ಆ ಬೆಳಗ್ಗೆ ಅವಳಷ್ಟು ಸಂತೋಷವಾಗಿದ್ದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಸಾಹೇಬರೂ ಒಂದು ಬುಟ್ಟಿ ಹೊತ್ತು ತರುತ್ತಿದ್ದಾಗ ಫೋನ್ ಬಂತು.

"ಸಾರ್, ನಾನು ರೈತ. ನಿಮ್ಮ ಸುತ್ತೋಲೆ ಪ್ರಕಾರ ತೊಟ್ಟಿ ಹೂತು, ಬಾಯಿ ಮುಚ್ಚಿದೀವಿ. ಮಳೆಗಾಲ ಹೋಯ್ತು, ಚಳಿಗಾಲ ಹೋಯ್ತು. ಇನ್ನೂ ಮೇಲೆ ಬಂದಿಲ್ಲ."

ಸಾಹೇಬರು ಬುಟ್ಟಿ ಕೆಳಗಿಟ್ಟರು. ಈ ಸಲ ಬಾಯಿಯ ಬಿರಡೆ ಕಿತ್ತರು. "ನೋಡಿ, ತಪ್ಪು ನನ್ನದು. ತೊಟ್ಟಿ ಬೇಕಾಗೇ ಇರಲಿಲ್ಲ. ಬರೀ ಒಂದು ಹೊಂಡ ತೋಡಿದ್ರೆ ಸಾಕಿತ್ತು."

"ಹೊಂಡ ನಮ್ಮಲ್ಲಿ ಮೊದಲೇ ಇತ್ತು ಸಾರ್, ನಮ್ಮ ತಾತ ತೋಡಿದ್ದು. ಬೇಸಿಗೆ ಪೂರ್ತಿ ನೀರಿರ್ತಿತ್ತು. ನಿಮ್ಮ ತೊಟ್ಟಿ ಹೂಳೋಕೆ ಅದನ್ನೇ ಮುಚ್ಚಿದ್ವಿ. ತೊಟ್ಟಿ ಯಾವಾಗ ಮೇಲೆ ಬರುತ್ತೆ ಅಂತ ಹೇಳಿದ್ರೆ, ನಮ್ಮ ಹೊಂಡ ನಮಗೆ ವಾಪಸ್ ಸಿಗುತ್ತೆ."

ಸಾಹೇಬರು ಫೋನ್ ಕೆಳಗಿಳಿಸಿ, ವಿಷಯ ಹೇಳಿ, ತಲೆ ಕೆರೆದುಕೊಳ್ಳುತ್ತಾ ನಿಂತರು. ಹೆಂಡತಿ ಮೂಲೆಯಲ್ಲಿದ್ದ ಗುದ್ದಲಿ ತಂದು ಅವರ ಕೈಗೆ ಕೊಟ್ಟಳು.

"ತಲೆ ಕೆರೆದಿದ್ದು ಸಾಕು. ಹೋಗಿ ಅವರ ನೆಲ ಕೆರೀರಿ."

ಸಾಹೇಬರು ಗುದ್ದಲಿ ಹೆಗಲಿಗೇರಿಸಿ ಗೇಟಿನ ತನಕ ಹೋಗಿದ್ದರು. ಹಿಂದಿನಿಂದ ತಾಯಿಯ ದನಿ ಕೇಳಿತು.

"ನಿಲ್ಲೋ, ನೀನೊಬ್ಬನೇ ಹೋದ್ರೆ ಅದು ಮೇಲೆ ಬರಲ್ಲ. ಕುರ್ಚಿ ತಗೋ, ನಾನೂ ಬರ್ತೀನಿ."