ಒಂದೇ ಮಧ್ಯಾಹ್ನ ಮುಗಿದ ರಂಜಾನ್

ನಮ್ಮ ಯಜಮಾನರು ಇಡೀ ರಂಜಾನ್ ತಿಂಗಳನ್ನು ಒಂದೇ ಮಧ್ಯಾಹ್ನ ಮುಗಿಸಿದವರು. ಅದೂ ಒಂದು ಉಪವಾಸವನ್ನೂ ಮಾಡದೆ, ಎರಡು ಸಲ ಅವಲಕ್ಕಿ ತಿಂದು. ನಂಬುವುದಿಲ್ಲವೇ? ಗಜೇಂದ್ರಗಡದ ನಮ್ಮ ರೇಡಿಯೋ ರಿಪೇರಿ ಅಂಗಡಿಯಲ್ಲಿ ನಾನೇ ಕೂತು ನೋಡಿದ್ದೇನೆ. ಅದು ನಮ್ಮ ಮನೆಯ ಕೊನೆಯ ಮಾಮೂಲಿ ದಿನ.

ಎಲ್ಲಕ್ಕೂ ಮೂಲ ಒಂದು ಹಳೆಯ ಪಲ್ಸ್ ಜನರೇಟರ್. ಯಾವುದೋ ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಪರೀಕ್ಷೆ ಮಾಡುತ್ತಿದ್ದ ಯಂತ್ರ, ವಯಸ್ಸಾಯಿತೆಂದು ಹುಬ್ಬಳ್ಳಿಯ ಗುಜರಿಗೆ ಬಂದಿತ್ತು. ಎಷ್ಟು ವೇಗ, ಎಷ್ಟು ಹೊತ್ತು ಎಂದು ಗುಂಡಿ ಒತ್ತಿ ಹೇಳಿಟ್ಟರೆ ಸಾಕು, ಅದೇ ಪ್ರಕಾರ ವಿದ್ಯುತ್ತಿನ ಮಿಡಿತಗಳನ್ನು ಕಳಿಸುತ್ತಲೇ ಇರುತ್ತದೆ. ನಾನು ಹೇಳಿದ್ದೆಲ್ಲ ಮರೆಯುವ ಮನುಷ್ಯನಿಗೆ ಹೇಳಿದ್ದನ್ನು ಮರೆಯದ ಯಂತ್ರ ಸಿಕ್ಕಿತ್ತು. ಬಸ್ಸಿನಲ್ಲಿ ಅದನ್ನು ಕಿಟಕಿ ಪಕ್ಕ ಕೂರಿಸಿ ತಾವು ನಿಂತು ಬಂದರು.

"ಇದಕ್ಕೂ ಟಿಕೆಟ್ ತಗಸಬೇಕ್ರಿ," ಎಂದನಂತೆ ಕಂಡಕ್ಟರ್.

"ಫುಲ್ಲೇ ಕೊಡ್ರಿ. ಹಾಫಿನ ವಯಸ್ಸ ದಾಟೇತಿ."

ನನ್ನ ಹೊಲಿಗೆ ಯಂತ್ರವನ್ನು ಮೂಲೆಗೆ ಅಟ್ಟಿ, ಆ ಮೇಜಿನ ಮೇಲೆ ಇದನ್ನು ಪ್ರತಿಷ್ಠಾಪಿಸಿದರು.

"ಇದು ಯಾ ಕೆಲಸಕ್ಕ ಬರತೇತಿ?" ಎಂದೆ.

"ಆ ಕೆಲಸ ಇನ್ನೂ ಬಂದಿಲ್ಲ."

ಬಂತು. ನರಗುಂದದ ಖಾದರ್ ಚಾಚಾ ತಮ್ಮ ಓಣಿಯ ಮಸೀದಿಯ ಎಲೆಕ್ಟ್ರಾನಿಕ್ ಗಡಿಯಾರವನ್ನು ಬಗಲಲ್ಲಿಟ್ಟುಕೊಂಡು ಬಂದರು. ರಂಜಾನಿನಲ್ಲಿ ಸಂಜೆ ರೋಜಾದ ಉಪವಾಸ ಬಿಡುವ ಹೊತ್ತಿಗೆ ಸೈರನ್ ಕೂಗಿಸುವುದು ಅದೇ.

"ಉಸ್ತಾದ, ಹ್ವಾದ ವರ್ಸ ಇಪ್ಪತ್ತನೇ ರೋಜಾದಾಗ ಎಲ್ಲಾರೂ ಕೈಯಾಗ ಖಜೂರ ಹಿಡಕೊಂಡ ಕುಂತಿದ್ವಿ. ಇದು ಬಾಯಿನ ಬಿಡಲಿಲ್ಲ. ತೋರಿಸಿದಲ್ಲೆಲ್ಲಾ ಚಲೋ ಐತಿ ಅಂತಾರ. ಖರೇ ಚಲೋ ಐತೇನು ಅಂತ ತಿಳೀಬೇಕಂದ್ರ ಮತ್ತ ಇಪ್ಪತ್ತ ದಿವಸ ಉಪಾಸ ಇರಬೇಕು."

"ಯಾಕ ಚಾಚಾ, ಇವತ್ತ ಮುಗಿಸೂಣಲ್ಲ."

ಗಡಿಯಾರ ಸೆಕೆಂಡಿಗೊಂದು ಮಿಡಿತ ಎಣಿಸುತ್ತದೆ. ಇವರು ತಮ್ಮ ಯಂತ್ರದಿಂದ ಸೆಕೆಂಡಿಗೆ ನೂರಾರು ಹರಿಸಿದರು. ಪಾಪ, ದಿನಗಳೇ ಓಡುತ್ತಿವೆ ಎಂದು ಗಡಿಯಾರ ನಂಬಿಬಿಟ್ಟಿತು! ಸೈರನ್ನಿನ ಬದಲು ಅದಕ್ಕೆ ಕಟ್ಟಿದ್ದ ಪುಟ್ಟ ಭೋಂಗಾ ಕೂಗಿದ್ದೇ ಕೂಗಿದ್ದು. ಪಕ್ಕದ ಮಗ್ಗದವರು ಊಟದ ಹೊತ್ತಾಯಿತೆಂದು ಬುತ್ತಿ ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಚಾಚಾ ಬೆರಳು ಮಡಚುತ್ತ ಕೂತಿದ್ದರು. ಹತ್ತೊಂಬತ್ತು ಸಂಜೆಗಳು ಆದವು. ಇಪ್ಪತ್ತಕ್ಕೆ ಗಡಿಯಾರ ಗಪ್ಪಾಯಿತು.

"ಸಿಕ್ಕಿತು!" ಎಂದು ನಮ್ಮವರು ಕುಣಿದರು. ಕೆಟ್ಟದ್ದಕ್ಕೆ ಇಷ್ಟು ಹಿಗ್ಗುವವರು ಇನ್ನೊಬ್ಬರಿದ್ದಾರೆಯೇ? ದಿನದಿನದ ವೇಳೆ ನೆನಪಿಡುವ ಚಿಪ್‌ನ ಒಂದು ಕಾಲಿಗೆ, ಇಪ್ಪತ್ತನೇ ದಿನದ ವೇಳೆ ಓದಲು ಬೇಕಾಗುವ ಕಾಲಿಗೆ, ತುಕ್ಕು ಹಿಡಿದಿತ್ತು. ಕೆರೆದು, ಬೆಸುಗೆ ಹಾಕಿ, ಮೊದಲಿನಿಂದ ಓಡಿಸಿದರು. ಇಪ್ಪತ್ತೂ ದಾಟಿತು, ತಿಂಗಳೂ ಮುಗಿಯಿತು.

"ತಂಗೆವ್ವಾ, ಹಬ್ಬ ಬಂದಂಗಾತು. ಸುರಕುಂಬಾ ಪಾಯಸ ಎಲ್ಲೈತಿ?" ಎಂದರು ಚಾಚಾ.

"ಚಹಾ ಐತಿ, ಕುಡೀರಿ."

"ನೀನೂ ಕುಡಿ," ಎಂದರು ಇವರು. "ಎರಡ ರಂಜಾನ್ ಕೇಳಿ ದಣದೀದಿ."

ಚಾಚಾ ಗಡಿಯಾರ ಒಯ್ದರು. ಮರುದಿನ ಬೆಳಿಗ್ಗೆ ಇವರು ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಾರೆ ಎಂದರು ಡಾಕ್ಟರು.

ಆಮೇಲೆ ನಿಜವಾದ ರಂಜಾನ್ ಬಂತು. ಇಪ್ಪತ್ತನೇ ರೋಜಾದ ಸಂಜೆ ಚಾಚಾ ಫೋನ್ ಮಾಡಿದರು.

"ತಂಗೆವ್ವಾ, ಮಾತಾಡಬ್ಯಾಡ. ಬರೇ ಕೇಳು."

ಸೈರನ್ ಕೂಗಿತು. ಎಷ್ಟು ಜೋರಾಗಿ ಎಂದರೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಹಿಂದೆಯೇ ತಟ್ಟೆಗಳ ಸದ್ದು, ಮಕ್ಕಳ ಗದ್ದಲ. ನಮ್ಮವರು ಗೆದ್ದಿದ್ದರು. ಹೊರಗೆ ಓಡಿ ಮಗ್ಗದವರಿಗೆಲ್ಲ ಹೇಳಿ ಬಂದೆ.

ಅವರೊಬ್ಬರಿಗೆ ಹೇಳುವುದಾಗಿಲ್ಲ.