ಮುತ್ತೈದೆ ಬೇಕಾಗಿದ್ದಾಳೆ

ನಮ್ಮ ಮಾಮಾನ ಲೆಕ್ಕದಲ್ಲಿ ತಾಜಮಹಲು ಇನ್ನೂ ಹಾಲು ಕುಡಿಯುವ ಕೂಸು! ತಮಾಷೆಗೆ ಹೇಳುತ್ತಿಲ್ಲ. ಆಗ್ರಾಕ್ಕೆ ಹೋಗಿ ಬಂದ ಅವರನ್ನು ನಾವೆಲ್ಲ ಮುತ್ತಿಕೊಂಡು "ಹೆಂಗಿತ್ರೀ ಮಾಮಾ?" ಎಂದು ಕೇಳಿದರೆ, "ಛಲೋ ಐತಿ. ಇನ್ನೊಂದ್ ಐನೂರು ವರ್ಷ ಹೋಗಲಿ, ಆಮ್ಯಾಲೆ ನೋಡಾಕ ಅಡ್ಡಿಯಿಲ್ಲ" ಅಂದುಬಿಟ್ಟರು. ಗದಗ ಸೀಮೆಯ ಹಳೆಯ ಗುಡಿಗಳನ್ನು ಕಾಯುವವರ ಮೇಲೆ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು ಅವರು. ಅವ್ವನ ಅಣ್ಣ, ನನ್ನ ಸೋದರಮಾವ. ಸಾವಿರ ವರ್ಷ ತುಂಬದ್ದನ್ನು ಕಟ್ಟಡವೆಂದೇ ಒಪ್ಪುವವರಲ್ಲ. ಮದುವೆ ಯಾಕಾಗಲಿಲ್ಲ ಎಂದು ಯಾರೋ ಧೈರ್ಯ ಮಾಡಿ ಕೇಳಿದ್ದಕ್ಕೆ, "ತೋರಿಸಿದ ಕನ್ಯಾ ಎಲ್ಲಾ ಭಾಳ ಹೊಸಾವು ಇದ್ದವು" ಎಂದಿದ್ದರಂತೆ!

ಇಂಥ ಮನುಷ್ಯ ಬಂದಿಳಿದದ್ದಾದರೂ ಎಲ್ಲಿಗೆ? ಜೂಟರ್‌ಮೀರ್‌ಗೆ! ನೆದರ್ಲೆಂಡ್ಸಿನಲ್ಲಿ ಹಳೆಯ ಊರುಗಳಿಗೇನು ಬರವೇ? ಆದರೆ ನನ್ನ ಗಂಡನಿಗೆ ಮನೆ ಸಿಕ್ಕಿದ್ದು ಈ ಹೊಸ ಊರಿನಲ್ಲಿ. ನಮ್ಮ ಬಾಲ್ಕನಿಯಲ್ಲಿ ನಿಂತರೆ ಎದುರಿಗೆ ಕ್ರೇನುಗಳು ಇನ್ನೊಂದು ಬೀದಿಯನ್ನು ಕಟ್ಟುತ್ತಿರುವುದು ಕಾಣುತ್ತಿತ್ತು. ಮಾಮಾ ಬಂದ ಮರುದಿನ ಬೆಳಿಗ್ಗೆ ಚಹಾ ಹಿಡಿದು ಅಲ್ಲಿ ನಿಂತರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು.

"ಈ ಊರಿಗಿಂತ ನನ್ನ ಕೊಡಿ ಹಿರೇದೈತಿ" ಎಂದು ಒಳಗೆ ಬಂದು ಕೂತರು. ಅವರ ಕೊಡೆಯನ್ನು ನೋಡಿದ್ದ ನನಗೆ ಈ ಮಾತನ್ನು ಅಲ್ಲಗಳೆಯಲು ಆಗಲಿಲ್ಲ.

ನನ್ನ ಗಂಡ ಮೈಸೂರಿನವನು, ಮೃದು ಮಾತಿನವನು, ಮಾಮಾನ ಮುಂದೆ ಇನ್ನೂ ಮೃದು. ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆ ಎಂದು ಆಗ ಜಗತ್ತೇ ಗಾಬರಿಯಾಗಿತ್ತಲ್ಲ, ಅವನ ಕೆಲಸವೂ ಅದೇ ಆಗಿತ್ತು.

"ಎರಡು ಸಾವಿರ ಅಂದ್ರೆ ಕಂಪ್ಯೂಟರ್‌ಗೆ ಅರ್ಥ ಆಗಲ್ಲ ಮಾವ. ಸಾವಿರದ ಒಂಬೈನೂರಕ್ಕೆ ವಾಪಸ್ ಬಂದ್ವಿ ಅಂದ್ಕೊಂಡುಬಿಡುತ್ತೆ. ನಾವು ಅದನ್ನ ಸರಿ ಮಾಡ್ತಿದೀವಿ" ಎಂದು ವಿವರಿಸಿದ.

"ಯಾಕ ಸರಿ ಮಾಡ್ತೀರಿ? ತಾನಾಗೇ ಹಿಂದಕ್ಕ ಹೊಂಟೈತಿ, ಹೋಗಲಿ ಬಿಡ್ರಿ!" ಎಂದರು ಮಾಮಾ. ಅಂದಿನಿಂದ ಗಂಡ ಮನೆಯಲ್ಲಿ ಆಫೀಸಿನ ಮಾತು ನಿಲ್ಲಿಸಿದ.

ಮಾಮಾ ಬಂದದ್ದು ಊರು ನೋಡುವುದಕ್ಕಲ್ಲ. ನನಗೆ ಏಳು ತಿಂಗಳು ತುಂಬಿತ್ತು. ಕುಬಸದ ಕಾರ್ಯ, ಅಂದರೆ ಸೀಮಂತ, ಆಗಬೇಕಿತ್ತು, ತವರಿನವರು ಉಡಿ ತುಂಬಬೇಕಿತ್ತು. ಬರಬೇಕಾಗಿದ್ದವಳು ಅವ್ವ. ಪಾಸ್‌ಪೋರ್ಟ್ ಮಾಡಿಸಿದ್ದಾಗಿತ್ತು, ವೀಸಾಕ್ಕೆ ಕಾಗದಪತ್ರ ಕಳಿಸಿದ್ದೂ ಆಗಿತ್ತು. ಅವ್ವ ಫೋನಿನಲ್ಲಿ "ನಾ ಬರಾಂಗಿಲ್ಲವ್ವಾ, ಮಾಮಾನ್ನ ಕಳಸ್ತೀನಿ" ಎಂದುಬಿಟ್ಟಳು. ಮೊಣಕಾಲು ನೋವು ಎಂದಳು, ಎಮ್ಮೆ ಈದಿದೆ ಎಂದಳು. ನಾನು ಬಿಡದೆ ಕೇಳಿದ ಮೇಲೆ ನಿಜ ಹೊರಗೆ ಬಂತು: "ಕುಬಸದ ಮನ್ಯಾಗ ನನ್ನಂಥಾಕಿದೇನ್ ಕೆಲಸ? ಚೊಚ್ಚಲ ಬಾಣಂತನ. ಹುಟ್ಟಿದ ಕೂಸು ಮೊದಲ ನನ್ನ ಮಾರಿ ನೋಡೂದು ಬ್ಯಾಡ."

ಅಪ್ಪ ತೀರಿಕೊಂಡ ಮೇಲೆ ಅವ್ವ ಯಾವ ಶುಭಕಾರ್ಯದಲ್ಲೂ ಮುಂದೆ ನಿಂತವಳಲ್ಲ. ನನ್ನ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕುವಾಗ ಅವಳು ಒಳಗೆ ಅಡುಗೆಮನೆಯಲ್ಲಿದ್ದಳು. ಮಾಮಾನಿಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಹಳೆಯ ಪದ್ಧತಿ, ಹಳೆಯದಾದ್ದರಿಂದ ಸರಿ. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನಗೆ ಕುಬಸ ಬೇಕಿರಲಿಲ್ಲ, ಉಡಿ ಬೇಕಿರಲಿಲ್ಲ. ಅವ್ವ ಬೇಕಿತ್ತು.

ಬಂದದ್ದು ಮಾಮಾ! ಅವರ ಪೆಟ್ಟಿಗೆಯಲ್ಲಿ ಗುಳೇದಗುಡ್ಡದ ಖಣ, ಕೊಬ್ಬರಿ ಗಿಟುಕ, ಉತ್ತತ್ತಿ, ಅರಿಷಿಣ ಕೊಂಬು, ಅಡಿಕೆ, ಜೊತೆಗೆ ಒಂದು ಆಜ್ಞೆ: ಉಡಿ ಗುಡಿಯಲ್ಲೇ ತುಂಬಬೇಕು. ದೆನ್ ಹಾಗ್‌ನಲ್ಲಿ, ಅಂದರೆ ಹೇಗ್ ನಗರದಲ್ಲಿ, ಸುರಿನಾಮದ ಹಿಂದೂಗಳ ಗುಡಿಯೊಂದಿದೆ ಎಂದೆ.

"ಎಷ್ಟು ವರ್ಷದ್ದು?"

"ಅದು... ಮೊದಲ ಅಲ್ಲೆ ಸೈಕಲ್ ಅಂಗಡಿ ಇತ್ತಂತ್ರೀ."

ಮಾಮಾ ಕಿವಿ ಮುಚ್ಚಿಕೊಂಡರು. ಆಗ ನನ್ನ ಗಂಡ, ದೇವರು ಅವನಿಗೆ ಯಾಕೆ ಆ ಬುದ್ಧಿ ಕೊಟ್ಟನೋ, ನಗುತ್ತಾ ಹೇಳಿದ: "ಹಳೇದೇ ಬೇಕು ಅಂದ್ರೆ ನೈಮೆಗನ್ ದಾಟಿ ಒಂದು ಚರ್ಚ್ ಇದೆ ಮಾವ. ಇಂಗ್ಲೆಂಡಿಂದ ಆಂಗ್ಲೋ-ಸ್ಯಾಕ್ಸನ್ ಸನ್ಯಾಸಿಗಳು ಬಂದು ಕಟ್ಟಿಸಿದ್ದಂತೆ. ಸಾವಿರದ ಇನ್ನೂರು ವರ್ಷ ಆಯ್ತು ಅಂತಾರೆ."

ಮಾಮಾ ಎದ್ದು ನಿಂತರು. "ಸಮುದ್ರಾ ದಾಟಿ ಬಂದ್ರಂತೇನು? ಹಂಗಾದ್ರ ಅವರೂ ನಿಮ್ಮಂಗ ಪರ್ಮಿಟ್ ಮ್ಯಾಲೆ ಬಂದಾವ್ರು!"

"ಮಾಮಾ, ಅದು ಚರ್ಚ್ ರೀ!" ಎಂದೆ ನಾನು.

"ಒಳಗ ಯಾವ ದೇವರು ಅದಾನ ಅನ್ನೂದು ಆಮ್ಯಾಲೆ ನೋಡೂಣು. ಮೊದಲ ವಯಸ್ಸು ನೋಡಬೇಕು."

ಶನಿವಾರ ಹೊರಟೆವು. ಇಳಕಲ್ ಸೀರೆ ಉಟ್ಟು, ಮೇಲೆ ಗಂಡನ ಓವರ್‌ಕೋಟು ತೊಟ್ಟು, ಹೊಟ್ಟೆಯನ್ನು ಮುಂದೆ ಹೊತ್ತು ರೈಲು ಹತ್ತಿದೆ, ಬಸ್ಸು ಹತ್ತಿದೆ. ಆ ಊರು ಪುಟ್ಟ ಸಂತೆ ಊರು. ನಡುವೆ ಚರ್ಚು, ಸುತ್ತ ಚೌಕ, ಚೌಕದ ತುಂಬ ಪಟ್ಟೆಪಟ್ಟೆ ಬಟ್ಟೆಯ ಸೂರಿನ ಅಂಗಡಿಗಳು. ಮೊದಲ ಅಂಗಡಿ ಗಿಣ್ಣಿನದು, ಅಂದರೆ ಚೀಸಿನದು. ಎಳೆಯದು, ಹದವಾದದ್ದು, ಹಳೆಯದು ಎಂದು ವಯಸ್ಸಿನ ಪ್ರಕಾರ ಜೋಡಿಸಿಟ್ಟು, ಹಳೆಯದಕ್ಕೇ ಹೆಚ್ಚು ಬೆಲೆ ಬರೆದಿದ್ದರು. ಗಂಡ ಅದನ್ನು ಓದಿ ಹೇಳಿದಾಗ ಮಾಮಾ ಗಿಣ್ಣಿನವನ ಕೈ ಹಿಡಿದು ಕುಲುಕಿದರು. "ಈ ದೇಶದಾಗ ತಿಳುವಳಿಕಿ ಇದ್ದಾವ್ರೂ ಅದಾರ" ಎಂದರು. ಅವನು ಕೊಟ್ಟ ಅತ್ಯಂತ ಹಳೆಯ ಚೂರನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಡಲು ಆಗುತ್ತಿರಲಿಲ್ಲ, ಅದು ಹಲ್ಲಿಗೆ ಅಂಟಿಕೊಂಡಿತ್ತು!

ಬಾಯಿ ಬಿಡಿಸಿಕೊಂಡವರೇ ಹೊಸ ಬಾಂಬು ಹಾಕಿದರು. "ಉಡಿ ತುಂಬಾಕ ಮುತ್ತೈದಿ ಬೇಕಲ್ಲ? ನಾ ಗಂಡಸು, ಅದೂ ಬ್ರಹ್ಮಚಾರಿ. ನೀ ಇಲ್ಲೆ ಯಾರನ್ನರೆ ಕೇಳು."

"ಏನಂತ ಕೇಳ್ಲಿರೀ?"

"ಗಂಡ ಅದಾನೇನ್ರೀ ಅಂತ ಕೇಳು. ಅದರಾಗೇನೈತಿ?"

ನನ್ನ ಗಂಡ ತಕ್ಷಣ "ನಾನು ಆಲೂಗಡ್ಡೆ ಫ್ರೈಸ್ ತರ್ತೀನಿ" ಎಂದು ಮಾಯವಾದ. ಇಂಥ ಸಮಯದಲ್ಲಿ ಮೈಸೂರಿನವರನ್ನು ನಂಬಬಾರದು. ನಾನು ಹೂವಿನ ಅಂಗಡಿಯವಳ ಮುಂದೆ ನಿಂತು, ಟ್ಯೂಲಿಪ್ಪಿನ ಬೆಲೆ ಕೇಳಿ, ಹವೆಯ ಬಗ್ಗೆ ಮಾತಾಡಿ, ಕೊನೆಗೆ ಇಂಗ್ಲಿಷಿನಲ್ಲಿ "ನಿಮಗೆ ಗಂಡ ಇದ್ದಾರೆಯೇ?" ಎಂದೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು "ಯಾವ ಗಂಡ? ಮೊದಲನೆಯವನೋ ಎರಡನೆಯವನೋ? ಇಬ್ಬರನ್ನೂ ಓಡಿಸಿಬಿಟ್ಟೆ!" ಎಂದು ನಕ್ಕಳು. ರೊಟ್ಟಿ ಅಂಗಡಿಯವಳು ತಾನೂ ತನ್ನವನೂ ಇಪ್ಪತ್ತು ವರ್ಷದಿಂದ ಒಟ್ಟಿಗಿದ್ದೇವೆ, ಮೂರು ಮಕ್ಕಳಿದ್ದಾರೆ, ಮದುವೆ ಮಾತ್ರ ಆಗಿಲ್ಲ ಎಂದಳು. ಇದನ್ನು ಕೇಳಿ ಮಾಮಾ ಹೈಕೋರ್ಟಿನ ಜಡ್ಜ್ ಹಾಗೆ ಕಣ್ಣು ಮುಚ್ಚಿಕೊಂಡರು.

"ಗಂಡ ಅದಾನ, ಲಗ್ನ ಇಲ್ಲ. ಅರ್ಧಾ ಮುತ್ತೈದಿ. ನಡಿಯಾಂಗಿಲ್ಲ."

ಸಂತೆಗೆ ಸಂತೆಯೇ ನಮ್ಮನ್ನು ನೋಡತೊಡಗಿತ್ತು. ಮಾಮಾನ ತೋಳು ಹಿಡಿದು ಚರ್ಚಿನ ಕಡೆ ಎಳೆದೆ. ಬಾಗಿಲಲ್ಲಿ ಅವರು ಅಭ್ಯಾಸಬಲದಿಂದ ಬೂಟು ಕಳಚಿಟ್ಟರು. ಆ ಬೂಟಿಗೆ ಅಟ್ಟೆ ಬದಲಾಯಿಸಿ, ಮೇಲ್ಭಾಗ ಬದಲಾಯಿಸಿ, ಮೂಲ ಬೂಟು ಎಂಬುದು ಎಷ್ಟು ಉಳಿದಿದೆ ಎಂದು ನಮ್ಮೂರ ಚಮ್ಮಾರನೇ ಹೇಳಬೇಕು. ನನ್ನದೂ ಬಿಚ್ಚಿಸಲು ಹೊರಟರು. ಬಗ್ಗಲು ಆಗುವುದಿಲ್ಲ ಎಂದು ಹೊಟ್ಟೆ ತೋರಿಸಿದ್ದರಿಂದ ಬಚಾವಾದೆ.

ಒಳಗೆ ಹೋದರೆ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಫಲಕ. ಚರ್ಚಿನ ಬಹುಭಾಗವನ್ನು ಹದಿನೈದನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿದ್ದಂತೆ, ಸನ್ಯಾಸಿಗಳ ಕಾಲದ್ದು ಹಿಂದಿನ ಒಂದು ಗೋಡೆಯ ಬುಡ ಮಾತ್ರವಂತೆ.

"ಹದಿನೈದನೇ ಶತಮಾನ? ನಿನ್ನೆ ಮೊನ್ನೀದು! ಮೋಸ!" ಎಂದು ಮಾಮಾ ಕೂಗಿದ್ದು ಕಮಾನುಗಳಿಗೆಲ್ಲ ಬಡಿದು ವಾಪಸ್ ಬಂತು. ಬರಿಯ ಕಾಲುಚೀಲದಲ್ಲಿ ಸರಸರ ನಡೆದು ಆ ಗೋಡೆಯನ್ನು ಹುಡುಕಿದರು. ಬಗ್ಗಿ, ಬುಡದ ಕಲ್ಲಿಗೆ ಮೂಗು ಹಚ್ಚಿ ಜೋರಾಗಿ ಮೂಸಿದರು. ಕಲ್ಲಿನ ವಯಸ್ಸನ್ನು ಅವರು ಹಿಡಿಯುವುದು ಹಾಗೆಯೇ. ಪಕ್ಕದಲ್ಲಿದ್ದ ಪ್ರವಾಸಿ ದಂಪತಿ ಏನೋ ವಿಶೇಷ ಇರಬೇಕೆಂದು ತಾವೂ ಬಗ್ಗಿ ಮೂಸಿದರು!

"ಇದು ಖರೇ ಐತಿ" ಎಂದು ಮಾಮಾ ತೀರ್ಪು ಕೊಟ್ಟರು. "ಇಲ್ಲೇ ತುಂಬೂಣು."

ಮೊದಲು ಬೂಟು ಭದ್ರವಾಗಿದೆಯೇ ನೋಡಿ ಬರುತ್ತೇನೆಂದು ಅವರು ಬಾಗಿಲಿಗೆ ಹೋದರೆ, ಬೂಟು ಇಲ್ಲ! ಬಾಗಿಲ ಪಕ್ಕದಲ್ಲಿ ಚರ್ಚಿನ ಸೂರು ರಿಪೇರಿಗೆಂದು ಹಳೆಯ ಸಾಮಾನು ಮಾರುವ ಮೇಜು. ಊರಿನವರು ಬೇಡವಾದದ್ದನ್ನು ಬಾಗಿಲಲ್ಲಿ ಇಟ್ಟು ಹೋಗುವುದು ಅಲ್ಲಿನ ರೂಢಿಯಂತೆ. ಮೇಜಿನ ಹಿಂದಿದ್ದ ಬೆಳ್ಳಿಗೂದಲಿನ ಅಜ್ಜಿ ಮಾಮಾನ ಬೂಟನ್ನೂ ಹಾಗೆಯೇ ಎಂದು ತಿಳಿದು ಎತ್ತಿ ಮಾರಾಟಕ್ಕೆ ಇಟ್ಟುಬಿಟ್ಟಿದ್ದಳು. ಅದೂ ಎಲ್ಲಿ? ಬಟ್ಟೆಬರೆಗಳ ಕಡೆ ಅಲ್ಲ. ತಾಮ್ರದ ಕೆಟಲಿಗೂ ಅಜ್ಜನ ಕಾಲದ ಗಡಿಯಾರಕ್ಕೂ ನಡುವೆ, ಪುರಾತನ ವಸ್ತುಗಳ ಸಾಲಿನಲ್ಲಿ!

ನಾನು ವಿಷಯ ತಿಳಿಸಿದಾಗ ಅಜ್ಜಿ ನಾಚಿ ಕೆಂಪಾಗಿ ಕ್ಷಮೆ ಕೇಳಿದಳು. ಮಾಮಾ? ಜೀವನದಲ್ಲಿ ಅವರಿಗೆ ಅಂಥ ಸನ್ಮಾನ ಆಗಿರಲಿಲ್ಲ. "ಇರಲಿ ಬಿಡು, ಇನ್ನೊಂದ್ ಸ್ವಲ್ಪ ಹೊತ್ತು ಅಲ್ಲೇ ಇರಲಿ. ನಾಕು ಮಂದಿ ನೋಡ್ಲಿ" ಎಂದರು.

ಅಜ್ಜಿ ಫ್ಲಾಸ್ಕಿನಿಂದ ಕಾಫಿ ಕೊಟ್ಟಳು. ಇಷ್ಟು ದೂರ ಯಾಕೆ ಬಂದಿರೆಂದು ಕೇಳಿದಳು. ಹೇಳಿದೆ. ಮಡಿಲಲ್ಲಿ ಅಕ್ಕಿ, ಕಾಯಿ ಹಾಕಿ ಹರಸುವ ಪದ್ಧತಿ ನಮ್ಮದು, ನನ್ನ ತಾಯಿ ಬರಲಿಲ್ಲ ಎಂದೆ. ಅಜ್ಜಿ ಮೇಜು ಬಿಟ್ಟು ಎದ್ದೇಬಂದಳು. "ನಾನು ಹಾಕಲೇ? ನನಗೆ ಐದು ಮಕ್ಕಳು, ಎಲ್ಲ ಗಟ್ಟಿಮುಟ್ಟಾಗಿದ್ದಾರೆ!"

ಹಳೆಯ ಗೋಡೆಯ ಮುಂದಿನ ಬೆಂಚಿನಲ್ಲಿ ನನ್ನನ್ನು ಕೂರಿಸಿದರು. ಮಾಮಾ ಚೀಲದಿಂದ ಅಕ್ಕಿ, ಖಣ ಎಲ್ಲ ತೆಗೆದು ತಟ್ಟೆ ಜೋಡಿಸಿದರು. ಅಜ್ಜಿ ಎರಡೂ ಕೈ ತುಂಬ ಅಕ್ಕಿ ಎತ್ತಿಕೊಂಡಳು.

"ತಡಿ. ಕೇಳಿದೇನು?" ಎಂದರು ಮಾಮಾ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೇಳಿದೆ.

"ಇಲ್ಲ ಮಗು. ಹೋದ ಚಳಿಗಾಲದಲ್ಲಿ ತೀರಿಕೊಂಡ. ಇದೇ ಗೋಡೆಯ ಆಚೆ ಮಲಗಿದ್ದಾನೆ" ಎಂದಳು ಅಜ್ಜಿ. "ಯಾಕೆ?"

ಯಾಕೆಂದು ನಾನು ಹೇಗೆ ಹೇಳಲಿ? ಮಾಮಾನಿಗೆ ಮಾತ್ರ ತಗ್ಗಿದ ದನಿಯಲ್ಲಿ ಹೇಳಿದೆ. ನಮ್ಮಿಬ್ಬರ ಮುಖ ನೋಡಿ ಅಜ್ಜಿಗೆ ಏನೋ ತಪ್ಪಾಯಿತು ಎನ್ನಿಸಿರಬೇಕು. ಅಕ್ಕಿಯನ್ನು ಮೆಲ್ಲಗೆ ತಟ್ಟೆಗೆ ಸುರಿದಳು. ಕೈಗಳನ್ನು ಸ್ಕರ್ಟಿಗೆ ಒರೆಸಿಕೊಂಡಳು. ಹಿಂದೆ ಸರಿದು ಕಂಬದ ಪಕ್ಕದಲ್ಲಿ ನಿಂತಳು.

ಮಾಮಾ ಅವಳನ್ನೇ ನೋಡುತ್ತಿದ್ದರು.

"ನಿಮ್ಮವ್ವನೂ ಹಿಂಗ ಸರದಿದ್ದಳು" ಎಂದರು ಕೊನೆಗೆ. "ನಿನ್ನ ಲಗ್ನದಾಗ. ಒಳಗ ಹೋಗು ಅಂದಾಂವ ನಾನ."

ಆಮೇಲೆ ಕಂಬದ ಹತ್ತಿರ ಹೋಗಿ, ಕೈ ಮುಗಿದು, ಶುದ್ಧ ಗದಗಿನ ಕನ್ನಡದಲ್ಲಿ "ಬಾರವ್ವಾ ತಾಯಿ, ನೀನ ತುಂಬು" ಎಂದರು. ಅಜ್ಜಿಗೆ ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ. ಬಂದಳು. ನನ್ನ ಸೆರಗಿಗೆ ಅಕ್ಕಿ ಬಿತ್ತು, ಖಣ ಬಿತ್ತು, ಕೊಬ್ಬರಿ ಬಿತ್ತು. ಉತ್ತತ್ತಿಯನ್ನು ಮೂಸಿ ನೋಡಿ ಹಾಕಿದಳು. ಎಲ್ಲ ಮುಗಿದ ಮೇಲೆ ತನ್ನ ಮೇಜಿಗೆ ಓಡಿ ಹೋಗಿ, ಹೆಬ್ಬೆರಳಷ್ಟೇ ಇದ್ದ ಒಂದು ಜೊತೆ ಉಣ್ಣೆಯ ಕಾಲುಚೀಲ ತಂದು ಅದರ ಮೇಲಿಟ್ಟಳು. ನಾನು ಗೊಳೋ ಎಂದು ಅತ್ತೆ. ಫ್ರೈಸ್ ಹಿಡಿದುಕೊಂಡು ಆಗಲೇ ಒಳಗೆ ಬಂದ ನನ್ನ ಗಂಡ ಹೆರಿಗೆ ನೋವೇ ಶುರುವಾಯಿತೆಂದು ಹೌಹಾರಿದ!

ಹೊರಗೆ ಬಂದದ್ದೇ ಮಾಮಾ ಚೌಕದ ಫೋನ್ ಬೂತಿಗೆ ನುಗ್ಗಿದರು. ಗಂಡ ಕಾರ್ಡು ಹಾಕಿ ನಂಬರು ಒತ್ತಿಕೊಟ್ಟ. ಗದಗಿಗೆ ನೇರವಾಗಿ ಕೇಳಿಸಬೇಕು ಎನ್ನುವಷ್ಟು ಜೋರಾಗಿ ಮಾಮಾ ಕೂಗಿದರು.

"ತಂಗೀ! ಉಡಿ ತುಂಬಿತು! ... ಯಾರು ಅಂದ್ರ? ಗಂಡ ಸತ್ತಾಕಿ! ಹೌದ, ನಿನ್ನಂಗ! ... ಏನೂ ಆಗಿಲ್ಲ, ಕೂಸು ಒದಿಯಾಕತ್ತೈತಂತ! ... ಕೇಳಿಲ್ಲೆ. ಗಂಡ ಅದಾನೋ ಇಲ್ಲೋ ಅಂತ ಇಲ್ಲೆ ಯಾರೂ ಕೇಳಾಂಗಿಲ್ಲ. ಇಡೀ ಸಂತ್ಯಾಗ ಅದನ್ನ ಕೇಳ್ಕೋತ ಅಡ್ಡಾಡಿದ ಹುಚ್ಚ ನಾನೊಬ್ಬನ!" ಅಲ್ಲಿಗೆ ಅವರ ದನಿ ಒಡೆಯಿತು. "ನಾನ ಹಿಂದ ನಿಲ್ಲು ಅಂದಿದ್ದೆ. ಈಗ ನಾನ ಹೇಳಾಕತ್ತೀನಿ, ಬಾ."

ಫೋನನ್ನು ನನ್ನ ಕೈಗೆ ತುರುಕಿ, ಬೆನ್ನು ತಿರುಗಿಸಿ ನಿಂತು ಮೂಗು ಒರೆಸಿಕೊಂಡರು.

"ಅವ್ವಾ" ಎಂದೆ.

ಕಾರ್ಡು ಮುಗಿಯುತ್ತಾ ಬಂದಿತ್ತು.

"ಅಲ್ಲೆ ಥಂಡಿ ಭಾಳ ಐತೇನವ್ವಾ?" ಎಂದು ಕೇಳಿದಳು ಅವ್ವ. "ಒಂದ ಸ್ವೆಟರ್ ಸಾಕೋ, ಎರಡು ತರಲೋ?"