ಡಬ್ಬಿ ನೆಟ್ಟವನ ಪಾಡು

ನನ್ನ ಕೆಲಸ ಏನೆಂದು ಹೇಳಿದರೆ ಜನ ನಗುತ್ತಾರೆ, ಮಾಡಿ ತೋರಿಸಿದರೆ ಇನ್ನೂ ಜೋರಾಗಿ ನಗುತ್ತಾರೆ. ಹೊಲದಲ್ಲಿ ಗೂಟ ನೆಟ್ಟು, ಮಣ್ಣಿನ ಹಸಿ, ಮೇಲೆ ಬೀಳುವ ಬಿಸಿಲು ಅಳೆಯುವ ಪುಟ್ಟ ಡಬ್ಬಿ ಕೂರಿಸುವುದು ನನ್ನ ಕೆಲಸ. ಡಬ್ಬಿಯ ಬ್ಯಾಟರಿ ಅಂಗಿಯ ಗುಂಡಿಯಷ್ಟು, ದೂರಕ್ಕೆ ಸುದ್ದಿ ಕಳಿಸುವ ತಾಕತ್ತು ಅದಕ್ಕಿಲ್ಲ. ವಾರಕ್ಕೊಮ್ಮೆ ತಲೆಯ ಮೇಲೆ ಡ್ರೋನ್ ಹಾರಿದಾಗ ಮಾತ್ರ ವರದಿ ಒಪ್ಪಿಸುತ್ತದೆ. ಅಗಡಿ, ಹಲಗೇರಿ, ಕಾಗಿನೆಲೆಗಳಲ್ಲಿ ಒಂದೊಂದು ಡಬ್ಬಿ ನೆಟ್ಟಿದ್ದೆ. ಒಂದಾದರೂ ಇಡೀ ಹಂಗಾಮಿನ ಮಾಹಿತಿ ಕೊಡದಿದ್ದರೆ ಯೋಜನೆ ಬಂದ್, ನನ್ನ ನೌಕರಿಯೂ ಬಂದ್ ಎಂದು ಆಫೀಸಿನವರು ಮೊದಲೇ ಹೇಳಿದ್ದರು.

ಅಗಡಿಯ ಕತ್ತಲೆ

ಎರಡೇ ವಾರಕ್ಕೆ ಆಫೀಸಿನಿಂದ ಫೋನು. "ಅಗಡಿಯಲ್ಲಿ ಸೂರ್ಯ ಹುಟ್ಟೋದೇ ಇಲ್ವೇನ್ರೀ? ಡಬ್ಬಿಗೆ ಬಿಸಿಲೇ ಬೀಳ್ತಿಲ್ಲ!"

ಓಡಿದೆ. ಡಬ್ಬಿಯ ಮೇಲೆ ಮಸಿ ಬಳಿದ ಗಡಿಗೆ ಬೋರಲು ಬಿದ್ದಿತ್ತು. ಅದಕ್ಕೆ ಸುಣ್ಣದಲ್ಲಿ ಕಣ್ಣು, ಮೀಸೆ ಬರೆದಿದ್ದರು. ಹೊಲದ ಒಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಹಾದ್ಯಾಗ ಹೋಗೋರೆಲ್ಲಾ ನಿಂತ ನಿಮ್ಮ ಡಬ್ಬಿ ನೋಡಾಕತ್ತಿದ್ರು. ಬೆಳಿಗೆ ದೃಷ್ಟಿ ಆಗೂದಿಲ್ಲೇನ್ರಿ?"

"ಗಡಿಗೆ ತೆಗೀರಿ ಅಕ್ಕಾರ, ಇದಕ್ಕ ಬಿಸಲ ಬೇಕು."

"ತಗೀತೇನಿ. ನಾಳೆ ಬೆಳಿ ಹೋದ್ರ ನಿಮ್ಮ ಡಬ್ಬಿ ತಿನ್ನಾಕ ಬರ್ತೈತೇನು?"

ಹೀಗೆನ್ನುತ್ತ ಆಕೆ ಗಡಿಗೆ ಎತ್ತಿದಳು. ಗಡಿಗೆಯನ್ನು ನಾನೇ ಮತ್ತೆ ಬೋರಲು ಹಾಕಿ ಬಂದೆ.

ಹಲಗೇರಿಯ ಗಾಳಿ

ಹಲಗೇರಿಯಲ್ಲಿ ಯಜಮಾನರು ಹೊಲದ ಬದಿಯ ಕಣದಲ್ಲಿ ತೊಗರಿ ರಾಶಿ ಮುಂದಿಟ್ಟುಕೊಂಡು, ತೂರಲು ಗಾಳಿ ಇಲ್ಲದೆ ಕೂತಿದ್ದರು. ಡ್ರೋನ್ ಏರಿದ್ದೇ ತಡ, ಮುಖ ಅರಳಿತು.

"ಸಾಹೇಬ್ರ, ಒಂಚೂರು ಕೆಳಗ ತರ್ರಿ. ಎರಡ ಮರ ತೂರಿಬಿಡ್ತೇನಿ."

ಹೊಲ ಅವರದು, ಇಲ್ಲ ಎನ್ನಲಾದೀತೆ? ಎರಡು ಮೊರ ಅಂದದ್ದು ರಾಶಿ ಮುಗಿಯುವ ತನಕ ನಡೆಯಿತು. ಆಮೇಲೆ ಡಬ್ಬಿಯತ್ತ ತಿರುಗಿಸಿದೆ. ಬ್ಯಾಟರಿ ಬರಿದಾಗಿದ್ದ ಡ್ರೋನ್ ನೆಟ್ಟಗೆ ಡಬ್ಬಿಯ ಮೇಲೆಯೇ ಬಿತ್ತು. ಡಬ್ಬಿ ಹೋಳಾಯಿತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಯಜಮಾನರು ಬೆನ್ನು ತಟ್ಟಿದರು. "ಹೋಗ್ಲಿ ಬಿಡ್ರಿ. ತೊಗರಿ ಅಂತೂ ಹಸನಾತು."

ಕಾಗಿನೆಲೆಯ ಹಸಿ

ಉಳಿದದ್ದು ಕಾಗಿನೆಲೆ ಒಂದೇ. ಅದು ಮಾತ್ರ ಬಂಗಾರ! ಸುತ್ತಲಿನ ನೆಲ ಬಿರುಕು ಬಿಟ್ಟರೂ ಅಲ್ಲಿಯ ಹಸಿ ಒಂದು ದಿನವೂ ಇಳಿಯಲಿಲ್ಲ. ಎಲ್ಲ ಸರಿ ಇದೆಯೆಂದು ನಾನು ಆ ಕಡೆ ತಲೆಯನ್ನೇ ಹಾಕಲಿಲ್ಲ. ದೂರದಿಂದಲೇ ಡ್ರೋನ್ ಹಾರಿಸಿ ಮಾಹಿತಿ ತರುತ್ತಿದ್ದೆ. ಹಂಗಾಮು ಮುಗಿದಾಗ ಇಬ್ಬರು ದೊಡ್ಡ ಸಾಹೇಬರು ಬಂದರು. "ಇಷ್ಟು ಚೆನ್ನಾಗಿ ನೀರು ನಿಭಾಯಿಸಿದ ರೈತರನ್ನ ನೋಡಲೇಬೇಕು."

ಹೊಲದಲ್ಲಿ ಗೂಟ ಇತ್ತು, ಡಬ್ಬಿ ಇರಲಿಲ್ಲ. ಗೂಟದ ಸುತ್ತೆಲ್ಲ ಹುಡುಕಿದೆ. ತಾನು ಎಲ್ಲಿದ್ದೇನೆಂದು ಡಬ್ಬಿಗೇ ಗೊತ್ತಾಗುವುದಿಲ್ಲ. ಬ್ಯಾಟರಿ ಉಳಿಯಲೆಂದು ಆ ಸೌಲಭ್ಯವನ್ನು ನಾವೇ ತೆಗೆದಿದ್ದೆವು.

ಹೊಲಕ್ಕೆ ಹತ್ತಿದ ಮನೆಯಿಂದ ಅಜ್ಜಿ ಕೂಗಿದಳು. "ಅಲ್ಲೇನ ಹುಡುಕತೀರಿ? ಒಳಗ ಬರ್ರಿ."

ಅಂಗಳದ ತುಳಸಿ ಕಟ್ಟೆಯ ಮಣ್ಣಿನಲ್ಲಿ, ಕುಂಕುಮ ಹಚ್ಚಿಸಿಕೊಂಡು, ನನ್ನ ಡಬ್ಬಿ ಕೂತಿತ್ತು.

"ಬಿಸಲಾಗ ಕೆಟ್ಟ ಹೋಗ್ತೈತಿ ಅಂತ, ನೀವು ನೆಟ್ಟ ಮರುದಿನಾನ ತಂದ ಇಟ್ಟೇನಿ. ದಿನಾ ಒಂದ ತಂಬಿಗಿ ನೀರ ಹಾಕ್ತೇನಿ."

ಸಾಹೇಬರು ಫೈಲು ಮುಚ್ಚಿ ಕಾರು ಹತ್ತಿದರು. ನೌಕರಿ ಹೋಯಿತೆಂದು ಗೊತ್ತಾಯಿತು. ಡಬ್ಬಿ ಕೀಳಲು ಬಗ್ಗಿದೆ. ಅಜ್ಜಿ ಕೈ ಹಿಡಿದಳು.

"ಒಯ್ಯಬ್ಯಾಡೋ ತಮ್ಮಾ! ಇದು ಬಂದಾಗಿಂದ ತುಳಸಿ ಹೆಂಗ ಚಿಗತೈತಿ ನೋಡು. ಇನ್ನೊಂದ ಇದ್ರ ಕೊಡು, ಕರಿಬೇವಿಗೂ ಇಡ್ತೇನಿ."